ಹಳೆಯ ನೀರಿನ ಹೊಣೆ

೧

ಮನುಷ್ಯನು ಕೈಯಾರೆ ಮಾಡುವ ಯಾವ ಕೆಲಸಕ್ಕೂ ಎರಡು ಫಲಗಳುಂಟು. ಅವನು ಬಯಸಿ ಪಡೆಯುವುದು ಒಂದು. ಬಯಸದಿದ್ದರೂ ಉಳಿಯುವುದು ಇನ್ನೊಂದು. ಅಡಿಗೆ ಮಾಡಿದವನಿಗೆ ಅನ್ನವೂ ದೊರೆಯುತ್ತದೆ, ಒಲೆಯಲ್ಲಿ ಬೂದಿಯೂ ಉಳಿಯುತ್ತದೆ. ಬಟ್ಟೆಯನ್ನು ಒಗೆದವನಿಗೆ ಮಡಿಯೂ ದೊರೆಯುತ್ತದೆ, ಕೊಳೆಯ ನೀರೂ ಉಳಿಯುತ್ತದೆ. ಮೊದಲನೆಯದನ್ನು “ಇದು ನನ್ನದು” ಎಂದು ಹೇಳಿಕೊಳ್ಳುವುದಕ್ಕೆ ಯಾರೂ ಹಿಂಜರಿಯುವುದಿಲ್ಲ. ಎರಡನೆಯದು ಯಾರದು? ಅದನ್ನು ಬಿಸುಟ ಗಳಿಗೆಗೆ ಮಾಡಿದವನ ಹೊಣೆಯೂ ಅದರೊಡನೆ ಹೊರಟುಹೋಗುತ್ತದೆಯೆ, ಅಥವಾ ಅವನ ಬೆನ್ನಹಿಂದೆಯೇ ನಿಂತಿರುತ್ತದೆಯೆ? ಧರ್ಮವಿಚಾರದಲ್ಲಿ ಇದು ಸಣ್ಣ ಪ್ರಶ್ನೆಯೆಂದು ತೋರಬಹುದು. ಆದರೆ ಈ ಕಾಲದ ಗೃಹಸ್ಥನು ದಿನಕ್ಕೆ ಹತ್ತು ಸಲ ಎದುರಿಸುವ ಪ್ರಶ್ನೆ ಇದೇ.

ಹಿಂದಿನವರ ಮನೆಗಳಲ್ಲಿ ಈ ಪ್ರಶ್ನೆಯು ಅಷ್ಟಾಗಿ ಏಳುತ್ತಿರಲಿಲ್ಲ. ಬೂದಿಯು ಪಾತ್ರೆ ಬೆಳಗುವುದಕ್ಕೋ ಗಿಡದ ಬುಡಕ್ಕೋ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಹಸುವಿನ ಬಾನಿಯನ್ನು ಸೇರುತ್ತಿತ್ತು. ಸಗಣಿ ತಿಪ್ಪೆಗೆ ಹೋಗಿ, ತಿಪ್ಪೆ ಹೊಲಕ್ಕೆ ಹೋಗುತ್ತಿತ್ತು. ಬಚ್ಚಲ ನೀರಿಗೂ ಹಿತ್ತಿಲಲ್ಲಿ ಒಂದು ಬಾಳೆಯ ಬುಡ ಕಾದಿರುತ್ತಿತ್ತು. ಉಳಿದುದಕ್ಕೆಲ್ಲ ಯಾರಾದರೊಬ್ಬ ಸ್ವೀಕರ್ತನಿದ್ದುದರಿಂದ ಬಿಡುವುದೂ ಕೊಡುವುದೂ ಹೆಚ್ಚುಕಡಮೆ ಒಂದೇ ಆಗಿತ್ತು. ಮನೆಗೆ ಯಂತ್ರಗಳು ಬಂದ ಮೇಲೆ ಆ ಒಕ್ಕಟ್ಟು ಮುರಿಯಿತು. ಯಾವ ಗಿಡವೂ ಹೀರದ, ಯಾವ ಹಸುವೂ ಕುಡಿಯಬಾರದ ಶೇಷಗಳು ಅಂಗಳದಲ್ಲಿ ಕಾಣಿಸಿಕೊಂಡವು. ಅಂಥವುಗಳಲ್ಲಿ ಒಂದನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ. ಅದು ಮೋಟಾರು ಕಾರಿನ ಎಂಜಿನನ್ನು ತಂಪಾಗಿರಿಸುವ ಕೂಲೆಂಟು ಎಂಬ ದ್ರವ. ಇದನ್ನು ಮನೆಯಲ್ಲಿಯೇ ಹೊರಗೆ ಬಿಟ್ಟು, ಒಳಗನ್ನು ತೊಳೆದು, ಹೊಸದನ್ನು ತುಂಬುವ ಪದ್ಧತಿಯುಂಟು. ಕೆಲಸವೇನೋ ಒಂದು ಮಧ್ಯಾಹ್ನದ್ದು. ಅದು ಎಬ್ಬಿಸುವ ಪ್ರಶ್ನೆ ಮಾತ್ರ ಅಷ್ಟು ಬೇಗ ಮುಗಿಯತಕ್ಕದ್ದಲ್ಲ.

೨

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಎಂಜಿನಿನಲ್ಲಿ ಉರಿಯುವ ಎಣ್ಣೆಯ ಶಕ್ತಿಯೆಲ್ಲವೂ ಚಕ್ರಗಳನ್ನು ಉರುಳಿಸುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲೊಂದು ಪಾಲು ಗಾಡಿಯನ್ನು ಎಳೆಯುತ್ತದೆ. ಒಂದು ಪಾಲು ಹೊಗೆಯ ಕೊಳವೆಯಿಂದ ಹೊರಟುಹೋಗುತ್ತದೆ. ಮಿಕ್ಕ ಪಾಲು ಶಾಖವಾಗಿ ಎಂಜಿನಿನ ಲೋಹಕ್ಕೇ ಏರುತ್ತದೆ. ಆ ಶಾಖವನ್ನು ಹೊತ್ತು ಹೊರಹಾಕುವ ಆಳು ಒಬ್ಬನಿಲ್ಲದಿದ್ದರೆ ಲೋಹವು ಹಿಗ್ಗಿ ಎಂಜಿನು ಕಚ್ಚಿಕೊಂಡು ನಿಂತುಹೋಗುವುದು. ಮೊದಮೊದಲ ಗಾಡಿಗಳಲ್ಲಿ ಈ ಚಾಕರಿಯನ್ನು ಬರಿಯ ನೀರೇ ಮಾಡುತ್ತಿತ್ತು. ೧೮೮೬ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್‌ಗೆ ಪೇಟೆಂಟು ದೊರೆತ ಗಾಡಿಯಲ್ಲಿ ನೀರು ಕಾದು ಆವಿಯಾಗಿ ಹೋಗುತ್ತಿದ್ದುದರಿಂದ ಅದನ್ನು ಪದೇಪದೇ ತುಂಬಬೇಕಾಗಿತ್ತು. ೧೯೦೧ರ ಮರ್ಸಿಡಿಸ್ ಗಾಡಿಗೆ ವಿಲ್‌ಹೆಲ್ಮ್ ಮೇಬಾಕ್ ಎಂಬ ಶಿಲ್ಪಿಯು ಸಾವಿರಾರು ಸಣ್ಣ ಕೊಳವೆಗಳನ್ನು ಜೇನುಗೂಡಿನಂತೆ ಜೋಡಿಸಿದ ರೇಡಿಯೇಟರನ್ನು ಅಳವಡಿಸಿದನು. ಆಮೇಲೆ ಅಷ್ಟು ದೊಡ್ಡ ಎಂಜಿನಿಗೂ ಸ್ವಲ್ಪವೇ ನೀರು ಸಾಕಾಯಿತು. ಅದು ಎಂಜಿನಿನಲ್ಲಿ ಕಾದು, ರೇಡಿಯೇಟರಿನಲ್ಲಿ ಗಾಳಿಗೆ ಆರಿ, ಮತ್ತೆ ಎಂಜಿನಿಗೆ ಮರಳುವಂತಾಯಿತು.

ನೀರಿಗೆ ಮೂರು ದೋಷಗಳುಂಟು. ಚಳಿಯ ದೇಶಗಳಲ್ಲಿ ಅದು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ನೀರು ಹಿಗ್ಗಿ ಕಬ್ಬಿಣವನ್ನೂ ಸೀಳುತ್ತದೆ. ಸೆಖೆಯಲ್ಲಿ ಅದು ೧೦೦ ಡಿಗ್ರಿಗೆ ಕುದಿಯುತ್ತದೆ. ಎಲ್ಲ ಕಾಲದಲ್ಲಿಯೂ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಈ ದೋಷಗಳಿಗೆ ಪರಿಹಾರವಾಗಿ ಬಂದುದು ಎಥಿಲೀನ್ ಗ್ಲೈಕಾಲ್ ಎಂಬ ರಸ. ಫ್ರೆಂಚ್ ರಸಾಯನಶಾಸ್ತ್ರಜ್ಞ ವುರ್ಟ್ಸ್ ಎಂಬಾತನು ಇದನ್ನು ೧೮೫೦ರ ದಶಕದಲ್ಲಿಯೇ ತಯಾರಿಸಿದ್ದನಾದರೂ ಮೋಟಾರು ಗಾಡಿಗಳಿಗಾಗಿ ಅಮೆರಿಕದಲ್ಲಿ ಅದರ ಮಾರಾಟವು ಪ್ರೆಸ್ಟೋನ್ ಎಂಬ ಹೆಸರಿನಿಂದ ಮೊದಲಾದುದು ೧೯೨೭ರಲ್ಲಿ. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದರೆ ಮಿಶ್ರಣವು ಸೊನ್ನೆಗಿಂತ ಸುಮಾರು ೩೭ ಡಿಗ್ರಿ ಕೆಳಗಿಳಿಯುವವರೆಗೂ ಹೆಪ್ಪುಗಟ್ಟುವುದಿಲ್ಲ. ಕುದಿಯುವುದಕ್ಕೂ ೧೦೦ ಡಿಗ್ರಿಗಿಂತ ಹೆಚ್ಚು ಕಾವು ಬೇಕು. ರೇಡಿಯೇಟರಿನ ಬಿಗಿಮುಚ್ಚಳದ ಒತ್ತಡವೂ ಸೇರಿದರೆ ಆ ಮಿತಿ ೧೨೫ ಡಿಗ್ರಿಯನ್ನೂ ಮೀರುತ್ತದೆ. ಕನ್ನಡನಾಡಿನಲ್ಲಿ ರೇಡಿಯೇಟರು ಹೆಪ್ಪುಗಟ್ಟುವ ಭಯವಿಲ್ಲ. ಆದರೆ ರಾಯಚೂರಿನ ಬೇಸಗೆಯಲ್ಲಿ ನಡೆಯುವ ಗಾಡಿಗೂ ಘಟ್ಟವನ್ನು ಹತ್ತುವ ಗಾಡಿಗೂ ಮಿಕ್ಕೆರಡು ಗುಣಗಳು ಅವಶ್ಯಕ.

ಗ್ಲೈಕಾಲಿನೊಡನೆ ತುಕ್ಕನ್ನು ತಡೆಯುವ ಮದ್ದುಗಳೂ ಬೆರೆತಿರುತ್ತವೆ. ಇವು ಲೋಹವನ್ನು ಕಾಯುತ್ತ ಕಾಯುತ್ತ ತಾವು ಸವೆಯುತ್ತವೆ. ಹಳೆಯ ಬಗೆಯ ಕೂಲೆಂಟು ಸುಮಾರು ೨ ವರ್ಷಕ್ಕೂ ಹೊಸ ಬಗೆಯದು ೫ ವರ್ಷಕ್ಕೂ ಸತ್ತ್ವಗುಂದುತ್ತದೆಂದು ಸಾಮಾನ್ಯವಾಗಿ ಹೇಳುವರು. ನಿಶ್ಚಯವಾದ ಅವಧಿಯನ್ನು ಆಯಾ ಗಾಡಿಯ ಕೈಪಿಡಿಯಲ್ಲಿಯೇ ನೋಡಬೇಕು. ಅವಧಿ ಮೀರಿದ ದ್ರವವು ಹುಳಿಗೂಡಿ, ತಾನು ಕಾಯಬೇಕಾದ ಲೋಹವನ್ನೇ ತಿನ್ನತೊಡಗುತ್ತದೆ. ಹಸುರು, ಕಿತ್ತಳೆ, ನಸುಗೆಂಪು, ನೀಲಿ ಎಂದು ಅದಕ್ಕೆ ಹಾಕುವ ಬಣ್ಣವನ್ನು ನಂಬಿ ಜಾತಿಯನ್ನು ನಿರ್ಣಯಿಸಲಾಗದು. ಒಂದೇ ಬಣ್ಣದಲ್ಲಿ ಬೇರೆ ಬೇರೆ ತಯಾರಕರ ಬೇರೆ ಬೇರೆ ಮದ್ದುಗಳಿರುತ್ತವೆ. ಒಂದನ್ನೊಂದು ಒಗ್ಗದವುಗಳನ್ನು ಬೆರೆಸಿದರೆ ಎರಡರ ಗುಣವೂ ಕೆಡುವುದುಂಟು.

ಹಳೆಯದನ್ನು ತೆಗೆದು ಹೊಸದನ್ನು ತುಂಬುವ ಕೆಲಸವನ್ನು ಗೃಹಸ್ಥನೇ ಮಾಡಿಕೊಳ್ಳುವ ರೂಢಿಯು ಅಮೆರಿಕದಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಅಲ್ಲಿ ಮನೆಗಳ ಮುಂದೆ ಗಾಡಿಗೆಂದೇ ನೆಲಗಟ್ಟಿದೆ, ಕೂಲಿ ದುಬಾರಿ, ಉಪಕರಣಗಳು ಅಂಗಡಿಯಲ್ಲಿ ಸಿಗುತ್ತವೆ. ಕ್ರಮವು ಕಠಿನವಲ್ಲ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಎಂಜಿನು ಪೂರ್ತಿಯಾಗಿ ಆರುವವರೆಗೆ ಕಾಯಬೇಕು. ಬಿಸಿಯಿದ್ದಾಗ ಮುಚ್ಚಳವನ್ನು ತಿರುಗಿಸಿದರೆ ಒತ್ತಡವು ಒಮ್ಮೆಗೇ ತಗ್ಗಿ, ದ್ರವವು ಕುದಿದು ಚಿಮ್ಮಿ, ಮುಖವನ್ನೂ ಕೈಗಳನ್ನೂ ಬೇಯಿಸಿಬಿಡುತ್ತದೆ. ಆರಿದ ಮೇಲೆ ರೇಡಿಯೇಟರಿನ ಕೆಳಗೆ ಅಗಲವಾದ ಬೋಗುಣಿಯನ್ನಿಟ್ಟು ಅಡಿಯ ತಿರುಪನ್ನು ಸಡಿಲಿಸಬೇಕು. ಹಳೆಯದೆಲ್ಲ ಇಳಿದ ಬಳಿಕ ತಿರುಪನ್ನು ಬಿಗಿಮಾಡಿ, ಬಟ್ಟಿಯಿಳಿಸಿದ ನೀರನ್ನು ತುಂಬಿ, ಗಾಡಿಯೊಳಗಿನ ಬಿಸಿಗಾಳಿಯ ಗುಂಡಿಯನ್ನು ಪೂರ್ತಿ ತಿರುಗಿಸಿ, ಎಂಜಿನನ್ನು ಓಡಿಸಬೇಕು. ಕಾವು ೮೦–೯೦ ಡಿಗ್ರಿಯ ಆಸುಪಾಸಿಗೆ ಬಂದಾಗ ಥರ್ಮೋಸ್ಟಾಟು ಎಂಬ ಬಾಗಿಲು ತೆರೆದು ನೀರು ಎಲ್ಲ ಮೂಲೆಗಳನ್ನೂ ಸುತ್ತುತ್ತದೆ. ಮತ್ತೆ ಆರಿಸಿ, ಮತ್ತೆ ಇಳಿಸಿ, ಬರುವ ನೀರು ತಿಳಿಯಾಗುವವರೆಗೆ ಹೀಗೆಯೇ ತೊಳೆಯಬೇಕು. ಇಲ್ಲಿ ಬೋರುಬಾವಿಯ ನೀರು ಸಲ್ಲದು. ಅದರ ಸುಣ್ಣದಂಶವು, ಸ್ನಾನದ ಹಂಡೆಯಲ್ಲಿ ಕಟ್ಟುವಂತೆಯೇ, ಸಣ್ಣ ಕೊಳವೆಗಳಲ್ಲಿ ಕರಿಕಟ್ಟಿ ಮಾರ್ಗವನ್ನು ಮುಚ್ಚುತ್ತದೆ. ಕೊನೆಗೆ ಹೊಸ ಕೂಲೆಂಟನ್ನು ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸಿ, ಮರುದಿನ ಮತ್ತೆ ಮಟ್ಟವನ್ನು ನೋಡಿದರೆ ಎಂಜಿನಿನ ಮಟ್ಟಿಗೆ ಕೆಲಸವು ಮುಗಿಯಿತು.

ಈ ಸ್ವಹಸ್ತದ ದುಡಿಮೆಯಲ್ಲಿ ಒಂದು ಸಾತ್ತ್ವಿಕವಾದ ತೃಪ್ತಿಯುಂಟು. ತಾನು ಉಪಯೋಗಿಸುವ ವಸ್ತುವಿನ ಒಳಗನ್ನು ಬಲ್ಲವನು ಅದನ್ನು ಹದವರಿತು ನಡೆಸುತ್ತಾನೆ. ತಿರುಪನ್ನು ಸಡಿಲಿಸಿದ ಕೈಗೆ ಗಾಡಿಯು ಬರಿಯ ಭೋಗವಸ್ತುವಾಗಿರದೆ ಪಾಲನೆಗೆ ಒಪ್ಪಿಸಿದ ವಸ್ತುವಾಗುತ್ತದೆ. ಆದರೆ ಬೋಗುಣಿಯಲ್ಲಿ ನಾಲ್ಕೈದು ಲೀಟರಿನಷ್ಟು ಹಳೆಯ ದ್ರವವು ಇನ್ನೂ ಇದೆ. ಇದೇ ವಿಚಾರದ ವಿಷಯ.

೩

ಮೀಮಾಂಸೆಯ ಕ್ರಮದಲ್ಲಿ ವಿಷಯವನ್ನು ಹೇಳಿದ ಮೇಲೆ ಸಂಶಯವನ್ನು ಹೇಳಬೇಕು; ಅನಂತರ ಎದುರಾಳಿಯ ಪಕ್ಷವನ್ನು ಅವನಿಗಿಂತಲೂ ಚೆನ್ನಾಗಿ ಮಂಡಿಸಬೇಕು. ಸಂಶಯವಿದು: ಬೋಗುಣಿಯಲ್ಲಿರುವುದನ್ನು ಬೀದಿಯ ಚರಂಡಿಗೆ ಸುರಿದವನು ತಪ್ಪುಗಾರನೋ ಅಲ್ಲವೋ?

ಅಲ್ಲವೆಂಬುದಕ್ಕೆ ಮೂರು ಯುಕ್ತಿಗಳಿವೆ. ಮೊದಲನೆಯದು ಸ್ವಾಮ್ಯದ ಯುಕ್ತಿ. ಹೊಣೆಯು ಒಡೆತನವನ್ನು ಅನುಸರಿಸತಕ್ಕದ್ದು. ಒಡೆತನವನ್ನು ಬಿಟ್ಟುಕೊಟ್ಟವನು ಹೊಣೆಯನ್ನೂ ಬಿಟ್ಟುಕೊಟ್ಟನು. ಮಾರಿದ ಹಸುವು ಮುಂದೆ ಯಾರನ್ನಾದರೂ ಹಾಯ್ದರೆ ಮಾರಿದವನನ್ನು ಯಾರೂ ಹಿಡಿಯುವುದಿಲ್ಲ. ಎರಡನೆಯದು ಅಲ್ಪತ್ವದ ಯುಕ್ತಿ. ಅಷ್ಟು ದೊಡ್ಡ ನೆಲದಲ್ಲಿ, ಅಷ್ಟು ಹರಿಯುವ ನೀರಿನಲ್ಲಿ, ಐದು ಲೀಟರು ಯಾವ ಲೆಕ್ಕ? ಮೇಲಾಗಿ ಗ್ಲೈಕಾಲು ಶಾಶ್ವತವಾದ ವಿಷವಲ್ಲ; ಮಣ್ಣಿನಲ್ಲಿಯೂ ನೀರಿನಲ್ಲಿಯೂ ಇರುವ ಸೂಕ್ಷ್ಮಜೀವಿಗಳು ಅದನ್ನು ಕೆಲವು ದಿನಗಳಲ್ಲಿಯೋ ವಾರಗಳಲ್ಲಿಯೋ ಕರಗಿಸಿಬಿಡುತ್ತವೆ. ಮೂರನೆಯದು ಅಶಕ್ಯತೆಯ ಯುಕ್ತಿ. ಇಂಥ ವಸ್ತುವನ್ನು ಇಲ್ಲಿ ತಂದುಕೊಡಿ ಎಂದು ಸರಕಾರವು ಒಂದು ಕಟ್ಟೆಯನ್ನು ತೋರಿಸಿದರೆ ಗೃಹಸ್ಥನು ಅಲ್ಲಿಗೆ ಒಯ್ಯಬಹುದು. ಅಮೆರಿಕದ ಎಷ್ಟೋ ಊರುಗಳಲ್ಲಿ ಮನೆಯ ಅಪಾಯಕರ ಕಸವನ್ನು ಪ್ರತ್ಯೇಕವಾಗಿ ಪಡೆದುಕೊಳ್ಳುವ ಏರ್ಪಾಡು ಇದೆ. ಅಂಥದು ಇಲ್ಲದ ಊರಿನಲ್ಲಿ ಅದನ್ನು ಮಾಡೆಂದು ವಿಧಿಸುವುದು, ಕಾಲಿಲ್ಲದವನಿಗೆ ನಡೆಯೆಂದು ವಿಧಿಸಿದಂತೆ. ಆಗದ್ದನ್ನು ಯಾವ ಶಾಸ್ತ್ರವೂ ವಿಧಿಸುವುದಿಲ್ಲ.

ಈ ಯುಕ್ತಿಗಳು ಬರಿಯ ನೆಪಗಳಲ್ಲ. ಒಂದೊಂದರಲ್ಲಿಯೂ ಒಂದು ಸತ್ಯಾಂಶವಿದೆ. ಆದುದರಿಂದಲೇ ಅವುಗಳಿಗೆ ಉತ್ತರವನ್ನು ಗದರಿಕೆಯಿಂದಲ್ಲ, ವಿಚಾರದಿಂದ ಹೇಳಬೇಕು.

೪

ಸ್ವಾಮ್ಯದ ಯುಕ್ತಿಯನ್ನು ಮೊದಲು ನೋಡೋಣ. ಬಿಡುವುದರಲ್ಲಿ ಬಗೆಗಳುಂಟು. ದಾನಕ್ಕೆ ಲಕ್ಷಣವನ್ನು ಹೇಳುವಾಗ ಶಾಸ್ತ್ರಕಾರರು ಕೊಡುವವನ ಸ್ವಾಮ್ಯವು ತೊಲಗುವುದಷ್ಟನ್ನೇ ಹೇಳಿ ಸುಮ್ಮನಾಗಲಿಲ್ಲ. ಪಡೆಯುವವನ ಸ್ವಾಮ್ಯವು ಹುಟ್ಟಬೇಕೆಂಬುದನ್ನೂ ಸೇರಿಸಿದರು. ಯಾಗದಲ್ಲಿ ದ್ರವ್ಯವನ್ನು ಬಿಡುವವನು “ಇದು ನನ್ನದಲ್ಲ” ಎನ್ನುವುದಕ್ಕೆ ಮೊದಲು ಅದು ಯಾವ ದೇವತೆಗೆ ಎಂಬುದನ್ನು ಹೇಳಿರುತ್ತಾನೆ. ಎರಡರಲ್ಲಿಯೂ ಬಿಡುವ ಕೈಯ ಎದುರಿಗೆ ಹಿಡಿಯುವ ಒಂದು ಸ್ಥಾನವಿದೆ. ಮಾರಿದ ಹಸುವಿನ ದೃಷ್ಟಾಂತವೂ ಹೀಗೆಯೇ. ಅಲ್ಲಿ ಕೊಂಡವನೊಬ್ಬನಿದ್ದಾನೆ, ಹಸುವಿನ ಹಗ್ಗ ಅವನ ಕೈಗೆ ಹೋಗಿದೆ. ಚರಂಡಿಗೆ ಸುರಿದವನ ಹಗ್ಗವನ್ನು ಹಿಡಿದವರು ಯಾರು? ಯಾರೂ ಅಲ್ಲ. ಅವನು ಮಾಡಿದುದು ಮಾರಾಟವಲ್ಲ, ಹಾಯುವ ಹಸುವನ್ನು ಸಂತೆಯ ನಡುವೆ ಬಿಚ್ಚಿಬಿಟ್ಟುದು.

ನಿಶ್ಚಿತನಾದ ಪ್ರತಿಗ್ರಾಹಿಯಿಲ್ಲದೆ ಬಿಡುವುದೂ ಧರ್ಮದಲ್ಲಿ ಉಂಟಲ್ಲವೆ ಎಂದು ಕೇಳಬಹುದು. ಉಂಟು. ಕೆರೆಯನ್ನೋ ಬಾವಿಯನ್ನೋ ಕಟ್ಟಿಸಿ ಸಕಲ ಪ್ರಾಣಿಗಳಿಗೂ ಬಿಟ್ಟುಕೊಡುವ ಉತ್ಸರ್ಗವೆಂಬ ವಿಧಿಯಿದೆ. ಅಲ್ಲಿ ಪಡೆಯುವವನು ಇಂಥವನೇ ಎಂಬ ನಿಯಮವಿಲ್ಲ; ದಾರಿಹೋಕನೂ ಕುಡಿಯಬಹುದು, ದನವೂ ಕುಡಿಯಬಹುದು, ಹಕ್ಕಿಯೂ ಕುಡಿಯಬಹುದು. ಈ ವಿಧಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಚರಂಡಿಗೆ ಸುರಿಯುವ ಕೆಲಸವನ್ನು ನೋಡಿದರೆ ಅದರ ನಿಜವಾದ ರೂಪವು ಹೊರಬೀಳುತ್ತದೆ. ಇದೂ ಉತ್ಸರ್ಗವೇ, ಸಕಲ ಪ್ರಾಣಿಗಳಿಗೂ ಬಿಟ್ಟುದೇ, ಬಿಟ್ಟ ವಸ್ತು ಮಾತ್ರ ಅಮೃತವಲ್ಲ, ವಿಷ. ಬೆಂಗಳೂರಿನಲ್ಲಿ ಮಳೆನೀರಿನ ರಾಜಕಾಲುವೆಗಳು ಕೆರೆಯಿಂದ ಕೆರೆಗೆ ಹರಿಯುವುದಕ್ಕೆಂದು ಇರುವಂಥವು. ಒಬ್ಬ ಪುಣ್ಯಾತ್ಮನು ಎಂದೋ ಕಟ್ಟಿಸಿ ಎಲ್ಲರಿಗೂ ಬಿಟ್ಟ ನೀರಿಗೆ ಇನ್ನೊಬ್ಬನು ತನ್ನ ಗಾಡಿಯ ಹಳೆಯ ನೀರನ್ನು, ಯಾರನ್ನೂ ಕೇಳದೆ, ಎಲ್ಲರ ಹೆಸರಿನಲ್ಲಿಯೂ ಬಿಡುತ್ತಾನೆ.

ಅಲ್ಪತ್ವದ ಯುಕ್ತಿಗೆ ಉತ್ತರವು ಆ ದ್ರವದ ಸ್ವಭಾವದಲ್ಲಿಯೇ ಇದೆ. ಗ್ಲೈಕಾಲಿಗೆ ಸಿಹಿಯಾದ ರುಚಿಯುಂಟು. ನಾಯಿಯು ಅದನ್ನು ಬಾಯಾರಿಕೆಯಿಂದಲೂ ನೆಕ್ಕುತ್ತದೆ, ರುಚಿಯಿಂದಲೂ ನೆಕ್ಕುತ್ತದೆ. ನಾಯಿಗೆ ದೇಹದ ತೂಕದಲ್ಲಿ ಕಿಲೋಗ್ರಾಮಿಗೆ ಸುಮಾರು ೪ರಿಂದ ೭ ಮಿಲಿಲೀಟರು, ಬೆಕ್ಕಿಗೆ ಬರಿಯ ಒಂದೂವರೆ ಮಿಲಿಲೀಟರು ಶುದ್ಧ ಗ್ಲೈಕಾಲು ಪ್ರಾಣಾಂತಿಕವೆಂದು ಪಶುವೈದ್ಯರು ಗಣಿಸಿದ್ದಾರೆ. ಐದು ಲೀಟರು ಮಿಶ್ರಣದಲ್ಲಿ ಎರಡೂವರೆ ಲೀಟರು ಗ್ಲೈಕಾಲಿರುತ್ತದೆ. ೧೫ ಕಿಲೋಗ್ರಾಮು ತೂಗುವ ಬೀದಿನಾಯಿಗಳಾದರೆ ಇಪ್ಪತ್ತಕ್ಕೂ ಹೆಚ್ಚು ನಾಯಿಗಳಿಗೆ ಅದು ಸಾಕು. ನೆಲವು ದೊಡ್ಡದೆಂಬುದು ನಿಜ. ಆದರೆ ನಾಯಿಯು ನೆಲವನ್ನೆಲ್ಲ ಕುಡಿಯುವುದಿಲ್ಲ, ಎದುರಿಗಿರುವ ಗುಂಡಿಯೊಂದನ್ನು ಕುಡಿಯುತ್ತದೆ. ಸೂಕ್ಷ್ಮಜೀವಿಗಳು ಕರಗಿಸುತ್ತವೆಂಬುದೂ ನಿಜ. ಆದರೆ ಕರಗುವುದಕ್ಕೆ ಬೇಕಾದ ದಿನಗಳಿಗಿಂತ ನೆಕ್ಕುವುದಕ್ಕೆ ಬೇಕಾದ ನಿಮಿಷವು ಮುಂಚೆ ಬರುತ್ತದೆ. ಕೆರೆಯಲ್ಲಿ ಆ ಜೀವಿಗಳು ಗ್ಲೈಕಾಲನ್ನು ಕರಗಿಸುವಾಗ ಮೀನಿಗೆ ಬೇಕಾದ ಪ್ರಾಣವಾಯುವನ್ನೇ ನೀರಿನಿಂದ ಹೀರಿಕೊಳ್ಳುತ್ತವೆ. ಗ್ಲೈಕಾಲು ಕರಗಿದ ಮೇಲೂ, ವರ್ಷಗಟ್ಟಲೆ ಎಂಜಿನಿನಲ್ಲಿ ಸುತ್ತಿ ಅದು ಹೊತ್ತುತಂದ ತಾಮ್ರ, ಸತು, ಸೀಸ ಮೊದಲಾದ ಲೋಹಗಳು ಕರಗುವುದಿಲ್ಲ.

ಇದಕ್ಕಿಂತ ಭಯಂಕರವಾದುದು ಅದು ಕೊಲ್ಲುವ ರೀತಿ. ಗ್ಲೈಕಾಲು ತಾನಾಗಿ ಅಷ್ಟೇನೂ ಕ್ರೂರವಲ್ಲ. ದೇಹವನ್ನು ಹೊಕ್ಕ ಮೇಲೆ ಯಕೃತ್ತು ಅದನ್ನು ಜೀರ್ಣಿಸಹೋಗಿ ಹಂತಹಂತವಾಗಿ ಆಮ್ಲಗಳನ್ನಾಗಿ ಮಾರ್ಪಡಿಸುತ್ತದೆ. ಕೊನೆಯ ಆಮ್ಲವು ರಕ್ತದ ಸುಣ್ಣದೊಡನೆ ಕೂಡಿ ಹರಳುಗಟ್ಟಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಕುಡಿದವನು ಮದ್ಯ ಸೇವಿಸಿದವನಂತೆ ತೂರಾಡುತ್ತಾನೆ. ಆಮೇಲೆ ಚೇತರಿಸಿಕೊಂಡಂತೆ ತೋರುವುದೂ ಉಂಟು. ಒಂದೆರಡು ದಿನಗಳಲ್ಲಿ ಮೂತ್ರ ಕಟ್ಟುತ್ತದೆ. ಬೇಗನೆ ಆಸ್ಪತ್ರೆಗೆ ಒಯ್ದರೆ ಆ ಮಾರ್ಪಾಟನ್ನು ತಡೆಯುವ ಮದ್ದುಗಳಿವೆ; ತಡವಾದರೆ ಕಷ್ಟ. ನಾಯಿಯನ್ನು ಒಯ್ಯುವವರಾರು? ಅದು ಕುಡಿದ ಬೀದಿಯಲ್ಲಿ ಸಾಯುವುದಿಲ್ಲ. ಎಲ್ಲೋ ಪೊದೆಯ ಮರೆಯಲ್ಲಿ, ಎರಡನೆಯ ದಿನವೋ ಮೂರನೆಯ ದಿನವೋ ಸಾಯುತ್ತದೆ. ಸುರಿದವನಿಗೆ ಅದು ತಿಳಿಯುವುದೇ ಇಲ್ಲ. ಇಂದು ಮಾಡಿದ ಕರ್ಮವು ಬಹುಕಾಲದ ಮೇಲೆ ಬೇರೆಡೆಯಲ್ಲಿ ಹೇಗೆ ಫಲಿಸೀತು ಎಂಬ ಶಂಕೆಗೆ ಮೀಮಾಂಸಕರು, ಕರ್ಮಕ್ಕೂ ಫಲಕ್ಕೂ ನಡುವೆ ಕಣ್ಣಿಗೆ ಕಾಣದ ಅಪೂರ್ವವೆಂಬ ಒಂದು ಶಕ್ತಿಯು ನಿಲ್ಲುತ್ತದೆಂದು ಸಮಾಧಾನ ಹೇಳಿದರು. ಸ್ವರ್ಗದ ವಿಷಯದಲ್ಲಿ ಅದನ್ನು ನಂಬುವುದೂ ಬಿಡುವುದೂ ಅವರವರ ಇಚ್ಛೆ. ಈ ಹಸುರು ನೀರಿನ ವಿಷಯದಲ್ಲಿ ಮಾತ್ರ ಕಾಣದೆ ನಿಂತು ಆಮೇಲೆ ಫಲಿಸುವ ಶಕ್ತಿಯು ನಂಬಿಕೆಯ ಮಾತಲ್ಲ.

ದೃಷ್ಟಾಂತವೊಂದನ್ನು ನೋಡಿ. ಅಮೆರಿಕದ ಕ್ಯಾಲಿಫೋರ್ನಿಯದ ಕಾಂಡರ್ ಎಂಬ ಮಹಾಪಕ್ಷಿಯು ಜಟಾಯುವಿನ ಕುಲವನ್ನು ನೆನಪಿಗೆ ತರುವಂಥ ರಣಹದ್ದು. ೧೯೮೭ರಲ್ಲಿ ಕಾಡಿನಲ್ಲಿದ್ದ ಕೊನೆಯ ಹಕ್ಕಿಯನ್ನೂ ಹಿಡಿದು ತಂದಾಗ ಲೋಕದಲ್ಲಿ ಉಳಿದಿದ್ದ ಕಾಂಡರುಗಳು ೨೭ ಮಾತ್ರ. ಅವುಗಳ ಸಂತತಿಯನ್ನು ಪಂಜರದಲ್ಲಿ ಬೆಳೆಸಿ, ೧೯೯೨ರ ಜನವರಿಯಲ್ಲಿ ಎರಡು ಎಳೆಯ ಕಾಂಡರುಗಳನ್ನು ಬೆಟ್ಟಗಳಲ್ಲಿ ಬಿಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ಎರಡರಲ್ಲೊಂದು ಸತ್ತುಬಿತ್ತು. ಕಾರಣ, ಎಥಿಲೀನ್ ಗ್ಲೈಕಾಲಿನ ವಿಷ. ಒಂದು ಕುಲವನ್ನು ಉಳಿಸುವುದಕ್ಕಾಗಿ ಅಷ್ಟು ಜನರು ಅಷ್ಟು ವರ್ಷ ಪಟ್ಟ ಶ್ರಮದಲ್ಲಿ ಮೊದಲು ಕಾಡಿಗೆ ಮರಳಿದ ಎರಡರಲ್ಲಿ ಒಂದು ಜೀವ ಹೀಗೆ ಹೋಯಿತು. ಆ ದ್ರವವು ಹೊರಬೀಳಲು ಕಾರಣನಾದವನು ಹಕ್ಕಿಯನ್ನು ಕೊಲ್ಲಬೇಕೆಂದು ಬಯಸಿದನೆಂದು ಯಾರೂ ಹೇಳಲಾರರು. ಕೊಲ್ಲುವ ಬಯಕೆಯೇ ಇಲ್ಲದೆ ಕೊಲ್ಲುವ ಶಕ್ತಿಯನ್ನು ಕೈಯಲ್ಲಿಟ್ಟುಕೊಂಡು ತಿರುಗುವುದು ಯಂತ್ರಯುಗದ ಗೃಹಸ್ಥನಿಗೆ ಒದಗಿದ ಹೊಸ ಅವಸ್ಥೆ.

ಸಿಹಿಯೇ ಅನರ್ಥಕ್ಕೆ ಮೂಲವಾದರೆ ಕಹಿಯನ್ನು ಬೆರೆಸಬಹುದಲ್ಲ ಎಂಬ ಆಲೋಚನೆಯೂ ಬಂದಿದೆ. ೧೯೫೮ರಲ್ಲಿ ಎಡಿನ್‌ಬರೋ ನಗರದಲ್ಲಿ, ಮರವಳಿಕೆಯ ಮದ್ದುಗಳನ್ನು ಹುಡುಕುತ್ತಿದ್ದವರ ಕೈಗೆ ಡೆನಟೋನಿಯಂ ಎಂಬ ಅತಿಕಹಿಯಾದ ವಸ್ತುವು ಅಕಸ್ಮಾತ್ತಾಗಿ ಸಿಕ್ಕಿತು. ಕೂಲೆಂಟಿಗೆ ಅದನ್ನು ಬೆರೆಸಬೇಕೆಂದು ಅಮೆರಿಕದ ಆರೆಗನ್ ರಾಜ್ಯವು ೧೯೯೧ರಲ್ಲಿ ಕಾನೂನು ಮಾಡಿತು. ಬೇರೆ ರಾಜ್ಯಗಳು ಅನುಸರಿಸಿದವು. ೨೦೧೨ರ ಡಿಸೆಂಬರಿನಲ್ಲಿ ಆ ದೇಶದ ತಯಾರಕರು ಎಲ್ಲ ೫೦ ರಾಜ್ಯಗಳಲ್ಲಿಯೂ ಬೆರೆಸುವುದಾಗಿ ತಾವಾಗಿಯೇ ಒಪ್ಪಿಕೊಂಡರು. ಇದು ಒಳ್ಳೆಯ ಕೆಲಸ. ಆದರೆ ಕಹಿಯು ತಿಳಿಯುವುದು ಮೊದಲ ಗುಟುಕನ್ನು ಕುಡಿದ ಮೇಲೆ; ಬೆಕ್ಕಿನಂಥ ಸಣ್ಣ ಜೀವಕ್ಕೆ ಕೆಲವು ಗುಟುಕೇ ಸಾಕು. ಪ್ರೊಪಿಲೀನ್ ಗ್ಲೈಕಾಲೆಂಬ, ಇದಕ್ಕಿಂತ ಬಹಳ ಸೌಮ್ಯವಾದ ರಸದಿಂದ ಮಾಡಿದ ಕೂಲೆಂಟೂ ಉಂಟು. ಗಾಡಿಗೆ ಒಗ್ಗುವುದಾದರೆ ಅದನ್ನು ಆರಿಸಿಕೊಳ್ಳುವುದು ವಿವೇಕ. ಆದರೂ ಎಂಜಿನನ್ನು ಸುತ್ತಿಬಂದ ಮೇಲೆ ಅದೂ ಲೋಹಗಳನ್ನು ಹೊತ್ತಿರುತ್ತದೆ. ಯಾವ ಉಪಾಯವೂ ಬೋಗುಣಿಯ ಪ್ರಶ್ನೆಯನ್ನು ಹಗುರಮಾಡುತ್ತದೆಯೇ ಹೊರತು ಇಲ್ಲದಂತೆ ಮಾಡುವುದಿಲ್ಲ.

೫

ಇನ್ನು ಅಶಕ್ಯತೆಯ ಯುಕ್ತಿ. ಮೂರರಲ್ಲಿ ಬಲವಾದುದು ಇದು. ಸ್ವೀಕರ್ತನಿಲ್ಲದ ಊರಿನಲ್ಲಿ ಸ್ವೀಕರ್ತನಿಗೆ ಕೊಡು ಎಂದರೆ ಗೃಹಸ್ಥನು ಏನು ಮಾಡಬೇಕು? ಏರ್ಪಾಡನ್ನು ಮಾಡದ ಆಡಳಿತದ ಮೇಲೂ, ಮಾರುವಾಗ ಮುಂದೆ ಬಂದು ಮರಳಿ ಪಡೆಯುವಾಗ ಹಿಂದೆ ಸರಿಯುವ ವ್ಯಾಪಾರದ ಮೇಲೂ ತಪ್ಪಿನ ಪಾಲು ಇದ್ದೇ ಇದೆ. ಅದನ್ನು ಸಭೆಯಲ್ಲಿ ಹೇಳುವುದೂ ಬರೆದು ಕೇಳುವುದೂ ಪೌರಧರ್ಮ. ಆದರೆ ಆಗದ್ದನ್ನು ಶಾಸ್ತ್ರವು ವಿಧಿಸುವುದಿಲ್ಲವೆಂಬ ಮಾತನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಸುರಕ್ಷಿತವಾಗಿ ಕಳುಹಿಸುವುದು ಆಗದಿದ್ದರೆ ಸುರಿಯುವುದು ವಿಹಿತವೆಂದು ಅದರಿಂದ ಬರುವುದಿಲ್ಲ. ಯಾಗವನ್ನು ಕೊನೆಗಾಣಿಸಲಾರದವನು ಯಾಗವನ್ನು ಆರಂಭಿಸದಿರಬೇಕೆಂಬುದಷ್ಟೇ ಬರುತ್ತದೆ. ಗಾಡಿಯ ತಿರುಪನ್ನು ಬಿಚ್ಚೆಂದು ಗೃಹಸ್ಥನನ್ನು ಯಾರೂ ನಿರ್ಬಂಧಿಸಿಲ್ಲ. ಆದುದರಿಂದ ಹಳೆಯ ನೀರನ್ನು ಪಡೆಯುವವನನ್ನು ಮೊದಲು ಕಂಡುಕೊಂಡು, ಆಮೇಲೆ ತಿರುಪಿಗೆ ಕೈಹಾಕಬೇಕು. ಇದೇ ಸಿದ್ಧಾಂತ.

ಹಾಗಾದರೆ ಕಾರ್ಖಾನೆಗೆ ಒಯ್ದು ಹಣ ಕೊಟ್ಟು ಮಾಡಿಸಿದವನು ಮುಕ್ತನೆ? ಅಷ್ಟು ಸುಲಭವಾಗಿ ಅಲ್ಲ. ಧರ್ಮಶಾಸ್ತ್ರದಲ್ಲಿ ಮಾಡುವವನಂತೆಯೇ ಮಾಡಿಸುವವನೂ ಅನುಮೋದಿಸುವವನೂ ಫಲದಲ್ಲಿ ಪಾಲುಗಾರರು. ಕಾರ್ಖಾನೆಯ ಹಿಂದಿನ ಮೋರಿಗೆ ಹೋಗುವ ನೀರಿನಲ್ಲಿ ಹಣ ಕೊಟ್ಟವನ ನೀರೂ ಇದೆ. ಅವನಿಗೂ ಮನೆಯಲ್ಲಿ ಮಾಡಿಕೊಂಡವನಿಗೂ ಇರುವ ಅಂತರವು ಒಂದೇ: ಇವನು ಬೋಗುಣಿಯನ್ನು ಕಣ್ಣಾರೆ ಕಂಡಿದ್ದಾನೆ, ಅವನು ಕಂಡಿಲ್ಲ. ಮನೆಯಲ್ಲಿ ಮಾಡುವ ಕೆಲಸದ ಮೇಲ್ಮೆಯು ಉಳಿಸಿದ ಕೆಲವು ನೂರು ರೂಪಾಯಿಗಳಲ್ಲಿಲ್ಲ. ತನ್ನ ಭೋಗದ ಶೇಷವು ಒಂದು ಸಲವಾದರೂ ತನ್ನ ಕಣ್ಣೆದುರಿಗೆ ಬಂದು ನಿಲ್ಲುವುದರಲ್ಲಿದೆ. ಕಾಣದಿದ್ದಾಗ ಹೊಣೆಯನ್ನು ಮರೆಯುವುದು ಸುಲಭ. ಕಂಡಮೇಲೆ ಮರೆಯಬೇಕಾದರೆ ಪ್ರಯತ್ನಪೂರ್ವಕವಾಗಿ ಮರೆಯಬೇಕು. ಕಾರ್ಖಾನೆಗೆ ಒಯ್ಯುವವನು “ಹಳೆಯದನ್ನು ಎಲ್ಲಿಗೆ ಕಳುಹಿಸುತ್ತೀರಿ?” ಎಂಬ ಒಂದು ಪ್ರಶ್ನೆಯನ್ನು ಕೇಳಿದರೆ ಅವನೂ ಆ ಬೋಗುಣಿಯನ್ನು ಕಂಡಂತೆಯೇ. ಹತ್ತು ಜನರು ಕೇಳಿದ ಪ್ರಶ್ನೆಗೆ ಕಾರ್ಖಾನೆಯವನು ಉತ್ತರವನ್ನು ಸಿದ್ಧಮಾಡಿಕೊಳ್ಳಲೇಬೇಕಾಗುತ್ತದೆ.

ನಡೆವಳಿಕೆಯಲ್ಲಿ ಇದು ಕೆಲವು ಸಣ್ಣ ನಿಯಮಗಳಾಗಿ ಇಳಿಯುತ್ತದೆ. ಇಳಿಸುವಾಗ ಬೋಗುಣಿಯ ಬಳಿಯಿಂದ ಏಳಬಾರದು. ಏಳಬೇಕಾದರೆ ಮುಚ್ಚಿ ಏಳಬೇಕು. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಒಳಗಿರಿಸಬೇಕು. ನೆಲಕ್ಕೆ ಚೆಲ್ಲಿದುದನ್ನು ನೀರಿನಿಂದ ತೊಳೆದು ಬೀದಿಗೆ ಹರಿಸದೆ, ಮರಳನ್ನೋ ಮರದ ಹೊಟ್ಟನ್ನೋ ಹಾಕಿ ಹೀರಿಸಿ, ಅದನ್ನೂ ಕಟ್ಟಿಡಬೇಕು. ಮೊದಲ ಸಲ ತೊಳೆದ ನೀರಿನಲ್ಲಿಯೂ ಕೂಲೆಂಟು ಬೆರೆತಿರುತ್ತದೆಯಾದ್ದರಿಂದ ಅದನ್ನೂ ಹಳೆಯದರೊಡನೆಯೇ ಸೇರಿಸಬೇಕು. ಎಲ್ಲವನ್ನೂ ಹೊಸ ಕೂಲೆಂಟು ಬಂದಿದ್ದ ಡಬ್ಬಿಯಂಥದಕ್ಕೆ ತುಂಬಿ, ಬಿಗಿಯಾಗಿ ಮುಚ್ಚಿ, ಮೇಲೆ “ವಿಷ” ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಬೇಕು. ಎಣ್ಣೆಯನ್ನಾಗಲಿ ಬೇರೆ ರಸಗಳನ್ನಾಗಲಿ ಅದಕ್ಕೆ ಬೆರೆಸಬಾರದು. ಬೆರೆಸಿದರೆ ಪಡೆಯುವವನು ಅದನ್ನು ಶುದ್ಧಿಮಾಡಿ ಮತ್ತೆ ಬಳಸುವ ದಾರಿಯೂ ಮುಚ್ಚಿಹೋಗುತ್ತದೆ. ಪಾನಕ ಷರಬತ್ತುಗಳ ಖಾಲಿ ಬಾಟಲಿಗೆ ತುಂಬುವುದಂತೂ ಘೋರವಾದ ಅಪರಾಧ. ಬಣ್ಣವೂ ರುಚಿಯೂ ಪಾನಕದಂತಿರುವ ವಿಷಕ್ಕೆ ಪಾನಕದ ರೂಪವನ್ನೂ ಕೊಡುವುದೆಂದರೆ, ಓದುಬಾರದ ಮಗುವಿಗೆ ಅರ್ಥವಾಗುವ ಒಂದೇ ಭಾಷೆಯಲ್ಲಿ 'ಇದು ಕುಡಿಯುವ ವಸ್ತು' ಎಂಬ ಸುಳ್ಳನ್ನು ಹೇಳಿದಂತೆ.

ಎಣ್ಣೆಯ ಗಾಡಿಗಳ ಕಾಲವು ಮುಗಿದು ವಿದ್ಯುತ್ತಿನ ಗಾಡಿಗಳು ಬಂದರೆ ಈ ಪ್ರಶ್ನೆಯೂ ಮುಗಿಯುವುದೆಂದು ಭಾವಿಸುವವರಿದ್ದಾರೆ. ಆ ಗಾಡಿಗಳಲ್ಲಿಯೂ ಹಲವು, ಬ್ಯಾಟರಿಯನ್ನು ತಂಪಾಗಿರಿಸುವುದಕ್ಕೆ ಇದೇ ಗ್ಲೈಕಾಲಿನ ಮಿಶ್ರಣವನ್ನು ಹೊತ್ತಿರುತ್ತವೆ. ಯಂತ್ರವು ಬದಲಾದೀತು, ಶೇಷವು ಇನ್ನೊಂದು ಬಣ್ಣವನ್ನು ತಾಳೀತು, ಉಳಿದುದು ಯಾರದು ಎಂಬ ಪ್ರಶ್ನೆಯು ಹೊಸ ಬೋಗುಣಿಯಲ್ಲಿ ಹಾಗೆಯೇ ನಿಂತಿರುತ್ತದೆ.

ಊಟವಾದ ಮೇಲೆ ಎಲೆಯನ್ನು ತೆಗೆದು ಗೋಮಯವನ್ನು ಹಚ್ಚುವವರೆಗೂ ಊಟ ಮುಗಿಯಿತೆಂದು ಹಿಂದಿನ ಗೃಹಿಣಿಯರು ಹೇಳುತ್ತಿರಲಿಲ್ಲ. ಉಣ್ಣುವುದು ಮಾತ್ರ ಊಟವಲ್ಲ, ಮುಂದೆ ಬರುವವನಿಗೆ ಸ್ಥಳವನ್ನು ಶುದ್ಧವಾಗಿ ಬಿಡುವುದೂ ಊಟದೊಳಗೇ ಸೇರಿದುದೆಂಬ ತಿಳಿವಳಿಕೆ ಅವರದು. ಗಾಡಿಯ ಕೆಲಸಕ್ಕೂ ಅದೇ ಅಳತೆಯನ್ನು ಇಟ್ಟರೆ ಸಾಕು. ಹೊಸ ನೀರು ಎಂಜಿನನ್ನು ಸೇರಿದಾಗ ಅರ್ಧ ಕೆಲಸವಾಯಿತು. ಹಳೆಯ ನೀರು ತಿಳಿದು ಪಡೆಯುವ ಒಂದು ಕೈಯನ್ನು ಸೇರಿದಾಗ ಮಿಕ್ಕ ಅರ್ಧವಾಯಿತು. ಆ ಕೈ ಸಿಕ್ಕುವವರೆಗೂ ಡಬ್ಬಿಯು ಮನೆಯ ಮೂಲೆಯಲ್ಲಿ, ಬೀಗದೊಳಗೆ, ಮಾಡಿದವನ ಹೆಸರಿನಲ್ಲಿಯೇ ಇರತಕ್ಕದ್ದು.